ಕಾರಿನ ಪಿಕಪ್ ಅಳೆಯುವ ಮೀಟರ್ ಮನೆಯಲ್ಲೇ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಗಾಡಿ ಯಾಕೋ ಎಳೀತಿಲ್ಲ." ಕಾರು ಇಟ್ಟುಕೊಂಡವರು ಒಮ್ಮೆಯಾದರೂ ಈ ಮಾತು ಹೇಳಿರುತ್ತೀರಿ. ನಾನೂ ಹೇಳಿದ್ದೆ. ನನ್ನದು 1.2 ಲೀಟರಿನ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರನೇ ಗೇರಿನಲ್ಲಿ ಮೊದಲಿನ ಎಳೆತ ಇಲ್ಲ ಅನ್ನಿಸಿತು. ಮೆಕ್ಯಾನಿಕ್ ಒಂದು ರೌಂಡ್ ಹೊಡೆದು ಬಂದು, "ಚೆನ್ನಾಗೇ ಇದೆಯಲ್ಲ ಸಾರ್" ಅಂದರು. ಅವರಿಗೆ ಅನ್ನಿಸಿದ್ದು ಅವರಿಗೆ, ನನಗೆ ಅನ್ನಿಸಿದ್ದು ನನಗೆ. ಇಬ್ಬರ ಹತ್ತಿರವೂ ಅಳತೆ ಇರಲಿಲ್ಲ. ಜ್ವರ ಇದೆಯಾ ಇಲ್ವಾ ಅಂತ ಹಣೆ ಮುಟ್ಟಿ ವಾದ ಮಾಡಿದ ಹಾಗಾಯಿತು. ಆಗಲೇ ಥರ್ಮಾಮೀಟರ್ ಒಂದು ಬೇಕು ಅನ್ನಿಸಿದ್ದು. ಗಾಡಿ ಒಂದು ವೇಗದಿಂದ ಇನ್ನೊಂದಕ್ಕೆ, ಉದಾಹರಣೆಗೆ ಸೊನ್ನೆಯಿಂದ ಗಂಟೆಗೆ ನೂರು ಕಿ.ಮೀ.ಗೆ, ಏರಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಅಳೆಯುವ ಮೀಟರ್.

ಇದನ್ನು ಮಾಡಲು ಬೇಕಾಗುವುದು ಸ್ವಲ್ಪ ಸೋಲ್ಡರಿಂಗ್, ಆರ್ಡುಯಿನೋ ಪ್ರೋಗ್ರಾಮಿಂಗ್‌ನ ಸಾಧಾರಣ ಪರಿಚಯ, ಎರಡು ಮೂರು ವಾರಾಂತ್ಯ. ನನಗೆ ಹೆಚ್ಚುಕಡಿಮೆ 2,700 ರೂಪಾಯಿ ಖರ್ಚಾಯಿತು. ವಾಹನ ಪರೀಕ್ಷಕರು ಬಳಸುವ ರೇಸ್‌ಲಾಜಿಕ್ ಕಂಪನಿಯ ವಿಬಾಕ್ಸ್‌ನಂಥ ಸಾಧನ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆದರೆ ಉಪಗ್ರಹದ ಸಂಕೇತದಿಂದ ವೇಗ ಅಳೆಯುವ ಅದರ ಮೂಲ ತತ್ವವೇ ಇಲ್ಲೂ ಇದೆ.

ಸ್ಪೀಡೋಮೀಟರ್ ನೋಡಿಕೊಂಡು ಸ್ಟಾಪ್‌ವಾಚ್ ಒತ್ತಿದರೆ ಸಾಲದೇ?

ಸಾಲದು. ಕೈ ನಿಧಾನ ಅನ್ನುವುದು ಚಿಕ್ಕ ತೊಂದರೆ. ದೊಡ್ಡ ತೊಂದರೆ ಮೀಟರಿನದೇ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ತೋರಿಸಬಹುದು. ಎಷ್ಟು ಜಾಸ್ತಿ? ನಿಜವಾದ ವೇಗದ ಹತ್ತನೇ ಒಂದು ಭಾಗ, ಅದರ ಮೇಲೆ ಇನ್ನೂ 4 ಕಿ.ಮೀ. ಅಂದರೆ ನೀವು 100ರಲ್ಲಿ ಹೋಗುವಾಗ ಮುಳ್ಳು 114 ತೋರಿಸಿದರೂ ಅದು ನಿಯಮದ ಒಳಗೇ ಇದೆ. ಹಾಗಾಗಿಯೇ ಕಂಪನಿಗಳು ಮೀಟರನ್ನು ಸ್ವಲ್ಪ ಮೇಲಕ್ಕೇ ಇಟ್ಟಿರುತ್ತವೆ. ಮುಳ್ಳು ನೂರು ಮುಟ್ಟಿದಾಗ ಗಾಡಿ 94ರಲ್ಲೋ 96ರಲ್ಲೋ ಇರಬಹುದು.

ಹಾಗಾದರೆ ವೇಗ ಹೆಚ್ಚುವ ದರ ಅಳೆಯುವ ಆಕ್ಸಿಲರೋಮೀಟರ್ ಚಿಪ್ ಹಾಕಿಬಿಡೋಣ ಅಂತ ಎಲ್ಲರಿಗೂ ಮೊದಲು ಹೊಳೆಯುತ್ತದೆ. ನನ್ನ ಮೊದಲ ಪ್ರಯತ್ನವೂ ಅದೇ. ವೇಗ ಹೆಚ್ಚುವ ದರವನ್ನು ಕಾಲದ ಜೊತೆ ಕೂಡುತ್ತಾ ಹೋದರೆ ವೇಗ ಸಿಗಬೇಕು, ಲೆಕ್ಕ ಸರಿಯಾಗೇ ಇದೆ. ಆದರೆ ಆಕ್ಸಿಲರೇಟರ್ ತುಳಿದಾಗ ಕಾರಿನ ಮೂತಿ ಮೇಲೇಳುತ್ತದೆ, ಹಿಂಭಾಗ ಕೂರುತ್ತದೆ. ಒಂದೇ ಒಂದು ಡಿಗ್ರಿ ವಾಲಿದರೂ ಭೂಮಿಯ ಗುರುತ್ವದ ಒಂದು ಚೂರು ಚಿಪ್ಪಿನ ಮುಂದಿನ ದಿಕ್ಕಿಗೆ ಸೇರಿಕೊಳ್ಳುತ್ತದೆ. ಆ ಚೂರು ಪ್ರತಿ ಸೆಕೆಂಡಿಗೆ 0.17 ಮೀ/ಸೆ. ಹತ್ತು ಸೆಕೆಂಡಿನಲ್ಲಿ ಅದು 1.7 ಮೀ/ಸೆ, ಅಂದರೆ 6 ಕಿ.ಮೀ.ಗಿಂತ ಜಾಸ್ತಿ ಸುಳ್ಳು ವೇಗ. ಮೊಬೈಲಿನ ಸೆನ್ಸರ್ ಒಂದನ್ನೇ ನಂಬುವ ಆ್ಯಪ್‌ಗಳು ಉದಾರವಾಗಿ ಅಂಕ ಕೊಡುವುದು ಇದೇ ಕಾರಣಕ್ಕೆ.

ನಂಬಬಹುದಾದದ್ದು ಜಿಪಿಎಸ್. ಆದರೆ ಇಲ್ಲೊಂದು ವಿಷಯ ಗಮನಿಸಿ. ಜಿಪಿಎಸ್ ಹೇಳುವ ಜಾಗದಲ್ಲಿ ಎರಡು ಮೂರು ಮೀಟರ್ ತಪ್ಪಿರುತ್ತದೆ. ವೇಗದಲ್ಲಿ ಅಷ್ಟು ತಪ್ಪಿರುವುದಿಲ್ಲ. ಯಾಕೆಂದರೆ ಒಳ್ಳೆಯ ರಿಸೀವರ್ ವೇಗವನ್ನು ಎರಡು ಜಾಗಗಳ ಅಂತರದಿಂದ ಲೆಕ್ಕ ಹಾಕುವುದಿಲ್ಲ. ರೈಲ್ವೆ ಗೇಟಿನಲ್ಲಿ ನಿಂತಾಗ ಹತ್ತಿರ ಬರುವ ರೈಲಿನ ಹಾರ್ನ್ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪಗೆ ಕೇಳುತ್ತದಲ್ವಾ? ಉಪಗ್ರಹದ 1575.42 ಮೆಗಾಹರ್ಟ್ಸ್ ಸಂಕೇತದಲ್ಲೂ ಅದೇ ಡಾಪ್ಲರ್ ಬದಲಾವಣೆ ಆಗುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂ.ಮೀ. ಮಾತ್ರ. ಹಾಗಾಗಿ ಸಣ್ಣ ವೇಗದ ವ್ಯತ್ಯಾಸವೂ ಗೊತ್ತಾಗುತ್ತದೆ. ಆಕಾಶ ಚೆನ್ನಾಗಿ ಕಾಣುವ ಕಡೆ ಯು-ಬ್ಲಾಕ್ಸ್ ಕಂಪನಿಯ ಎಂ8 ಚಿಪ್ಪಿನ ವೇಗದ ನಿಖರತೆ 0.05 ಮೀ/ಸೆ, ಅಂದರೆ ಗಂಟೆಗೆ 0.2 ಕಿ.ಮೀ.ಗಿಂತ ಕಡಿಮೆ.

ಆದ್ದರಿಂದ ನಮ್ಮ ಯಂತ್ರದಲ್ಲಿ ಕೆಲಸ ಹಂಚಿಕೆ ಹೀಗೆ: ವೇಗ ಹೇಳುವುದು ಜಿಪಿಎಸ್, ಗಾಡಿ ಹೊರಟ ಕ್ಷಣ ಹೇಳುವುದು ಆಕ್ಸಿಲರೋಮೀಟರ್. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಬಾರದು.

ಬೇಕಾಗುವ ಸಾಮಾನು

ಇಎಸ್‌ಪಿ32 ಬೋರ್ಡ್ ಒಂದು, ಆರ್ಡುಯಿನೋದಂತೆ ಪ್ರೋಗ್ರಾಮ್ ಮಾಡಬಹುದಾದ ಪುಟ್ಟ ಕಂಪ್ಯೂಟರ್ ಇದು. ನಿಯೋ ಎಂ8ಎನ್ ಜಿಪಿಎಸ್ ಮಾಡ್ಯೂಲ್ ಒಂದು, ಅದರಲ್ಲಿ ಪಿಪಿಎಸ್ ಅಂತ ಬರೆದಿರುವ, ಸೆಕೆಂಡಿಗೊಂದು ಮಿಡಿತ ಕೊಡುವ ಪಿನ್ ಹೊರಗೆ ಬಂದಿರಲೇಬೇಕು. ಎಂಪಿಯು6050 ಆಕ್ಸಿಲರೋಮೀಟರ್. ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, 3.3 ವೋಲ್ಟಿನಲ್ಲಿ ಕೆಲಸ ಮಾಡುವಂಥದ್ದು. 0.96 ಇಂಚಿನ ಓಎಲ್‌ಇಡಿ ಪರದೆ. ಒಂದು ಬಟನ್, ಒಂದು ಪವರ್ ಬ್ಯಾಂಕ್, ಡಬ್ಬಿ, ಗಟ್ಟಿಯಾದ ಡಬಲ್ ಸೈಡ್ ಟೇಪ್.

ಬೆಂಗಳೂರಿನವರಾದರೆ ಎಸ್‌ಪಿ ರೋಡಿನಲ್ಲಿ ಎಲ್ಲವೂ ಒಂದೇ ಓಡಾಟದಲ್ಲಿ ಸಿಗುತ್ತವೆ. ಬೇರೆ ಊರಿನವರಿಗೆ ಆನ್‌ಲೈನ್ ಇದ್ದೇ ಇದೆ. ಜಿಪಿಎಸ್ ಕೊಳ್ಳುವಾಗ ಮಾತ್ರ ಹುಷಾರು. ನಿಯೋ 6ಎಂ ಅಗ್ಗ, ಆದರೆ ಸೆಕೆಂಡಿಗೆ 5 ಸಲ ಮಾತ್ರ ವೇಗ ಹೇಳುತ್ತದೆ. ನಮಗೆ 10 ಸಲ ಬೇಕು. ಎಂ8ಎನ್ ಹೆಸರಿನ ಸ್ಟಿಕರ್ ಅಂಟಿಸಿದ ಹಳೆಯ ಚಿಪ್ಪುಗಳೂ ಮಾರುಕಟ್ಟೆಯಲ್ಲಿವೆ. ನನಗೂ ಒಂದು ಸಿಕ್ಕಿತ್ತು. ಪರೀಕ್ಷೆ ಸುಲಭ: ಕಂಪ್ಯೂಟರಿಗೆ ಜೋಡಿಸಿ ಯು-ಸೆಂಟರ್ ಎಂಬ ಉಚಿತ ತಂತ್ರಾಂಶದಲ್ಲಿ ಆವೃತ್ತಿಯ ಸಂದೇಶ ನೋಡಿ, ಸೆಕೆಂಡಿಗೆ 10 ಸಲ ಕೇಳಿ. ಕೊಡಲಿಲ್ಲ ಅಂದರೆ ಅಂಗಡಿಗೆ ವಾಪಸ್ ಒಯ್ಯಿರಿ.

ಕಾರಿನ 12 ವೋಲ್ಟ್ ಸಾಕೆಟ್‌ನಿಂದ ಕರೆಂಟ್ ಕೊಡಬೇಡಿ. ಎಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಎಷ್ಟೋ ಕಾರುಗಳಲ್ಲಿ ಆ ಹೊತ್ತಿಗೆ ಸಾಕೆಟ್ ಆಫ್ ಆಗುತ್ತದೆ. ಬೋರ್ಡ್ ರೀಸ್ಟಾರ್ಟ್ ಆಗಿ ಒಂದು ಬೆಳಗಿನ ನನ್ನ ಅಳತೆಯೆಲ್ಲ ಹಾಗೇ ಹೋಯಿತು. ಪವರ್ ಬ್ಯಾಂಕೇ ವಾಸಿ. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆದರೆ ತಾವಾಗೇ ಆಫ್ ಆಗುತ್ತವೆ. ಮನೆಯಲ್ಲೇ ಹತ್ತು ನಿಮಿಷ ಓಡಿಸಿ ನೋಡಿಕೊಳ್ಳಿ.

ವೈರಿಂಗ್

ಜಿಪಿಎಸ್‌ನ ಟಿಎಕ್ಸ್ ಪಿನ್ ಇಎಸ್‌ಪಿ32ರ 16ಕ್ಕೆ, ಆರ್‌ಎಕ್ಸ್ ಪಿನ್ 17ಕ್ಕೆ, ಪಿಪಿಎಸ್ 4ಕ್ಕೆ. ಎಂಪಿಯು6050 ಮತ್ತು ಪರದೆ ಎರಡೂ ಐ2ಸಿ ಎಂಬ ಒಂದೇ ತಂತಿ ಜೋಡಿಯಲ್ಲಿ ಕೂರುತ್ತವೆ: ಎಸ್‌ಡಿಎ 21, ಎಸ್‌ಸಿಎಲ್ 22. ಅವುಗಳ ವಿಳಾಸ ಬೇರೆ ಬೇರೆ ಇರುವುದರಿಂದ ಜಗಳವಿಲ್ಲ. ಎಸ್‌ಡಿ ಕಾರ್ಡಿಗೆ 18, 19, 23, ಮತ್ತು ಆಯ್ಕೆ ಪಿನ್ 5. ಬಟನ್ 27ಕ್ಕೆ, ಇನ್ನೊಂದು ತುದಿ ಗ್ರೌಂಡಿಗೆ.

6ರಿಂದ 11ರವರೆಗಿನ ಪಿನ್‌ಗಳನ್ನು ಮುಟ್ಟಬೇಡಿ, ಅವು ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಮೀಸಲು. ನಿಮ್ಮದು ರೋವರ್ ಮಾದರಿಯ ಇಎಸ್‌ಪಿ32 ಆಗಿದ್ದರೆ 16, 17 ಸಹ ಸಿಗುವುದಿಲ್ಲ. ಆಗ 25, 26 ಬಳಸಿ. ಎಲ್ಲ ಗ್ರೌಂಡ್‌ಗಳೂ ಒಂದಾಗಿರಲಿ. ಮೊದಲು ಬ್ರೆಡ್‌ಬೋರ್ಡ್ ಮೇಲೆ ಓಡಿಸಿ ನೋಡಿ, ಸರಿ ಬಂದ ಮೇಲೆ ಸೋಲ್ಡರ್ ಮಾಡಿ. ಕಾರಿನ ಅದುರಾಟಕ್ಕೆ ಬ್ರೆಡ್‌ಬೋರ್ಡ್ ವೈರು ನಿಲ್ಲುವುದಿಲ್ಲ.

ಜಿಪಿಎಸ್‌ಗೆ ಪಾಠ ಹೇಳುವುದು

ಡಬ್ಬಿಯಿಂದ ತೆಗೆದ ಎಂ8ಎನ್ ಸೆಕೆಂಡಿಗೆ ಒಂದೇ ಸಲ, 9600 ಬಾಡ್ (ತಂತಿಯಲ್ಲಿ ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಮಾತಾಡುತ್ತದೆ. ಯು-ಸೆಂಟರ್‌ನಲ್ಲಿ ಈ ಬದಲಾವಣೆ ಮಾಡಿ.

ಮೊದಲನೆಯದು ಉಪಗ್ರಹಗಳ ಆಯ್ಕೆ. ಎಂ8ಎನ್ ಜಿಪಿಎಸ್ ಒಂದನ್ನೇ ಕೇಳಿದರೆ ಸೆಕೆಂಡಿಗೆ 10 ಸಲ ಉತ್ತರ ಕೊಡುತ್ತದೆ, ರಷ್ಯಾದ ಗ್ಲೋನಾಸ್ ಸಹ ಸೇರಿಸಿದರೆ 5 ಸಲಕ್ಕೆ ಇಳಿಯುತ್ತದೆ. ಹಾಗಾಗಿ ಗ್ಲೋನಾಸ್ ತೆಗೆಯಿರಿ. ನಮ್ಮ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯನ್ನೂ ಈ ಚಿಪ್ ಕೇಳಬಲ್ಲದು. ಅದರ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ. ಅದು ಸುಧಾರಿಸುವುದು ಜಾಗದ ನಿಖರತೆಯನ್ನು. ವೇಗಕ್ಕೆ ಅದರಿಂದ ಹೆಚ್ಚು ಲಾಭವಿಲ್ಲ, ಬೇಕಿದ್ದರೆ ಇಟ್ಟುಕೊಳ್ಳಿ.

ಎರಡನೆಯದು ಸಂದೇಶದ ಬಗೆ. ಎನ್‌ಎಂಇಎ ಎಂಬ ಹಳೆಯ ಅಕ್ಷರ ರೂಪದ ಸಂದೇಶಗಳನ್ನೆಲ್ಲ ಬಂದ್ ಮಾಡಿ. ಯುಬಿಎಕ್ಸ್ ಬಗೆಯ ಎನ್‌ಎವಿ-ಪಿವಿಟಿ ಒಂದನ್ನೇ ಇಡಿ. ಅದರಲ್ಲಿ ಕಾಲ, ವೇಗ, ದಿಕ್ಕು, ಎತ್ತರ, ಉಪಗ್ರಹಗಳ ಎಣಿಕೆ ಎಲ್ಲವೂ ಒಟ್ಟಿಗೆ ಬರುತ್ತವೆ. ವೇಗ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ ಪೂರ್ಣಾಂಕದಲ್ಲಿ ಬರುತ್ತದೆ. ಅದರ ಜೊತೆಗೇ ಆ ವೇಗ ಎಷ್ಟು ತಪ್ಪಿರಬಹುದು ಅನ್ನುವ ಅಂದಾಜನ್ನೂ ಚಿಪ್ಪೇ ಕೊಡುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಮೂರನೆಯದು ಬಾಡ್ ವೇಗ. ಇಲ್ಲಿ ತುಂಬಾ ಜನ ಎಡವುತ್ತಾರೆ. ಎನ್‌ಎವಿ-ಪಿವಿಟಿ ಸಂದೇಶ ತಲೆ, ಬಾಲ ಸೇರಿ ಸರಿಯಾಗಿ 100 ಬೈಟ್. ಸೆಕೆಂಡಿಗೆ 10 ಅಂದರೆ 1,000 ಬೈಟ್. ಸೀರಿಯಲ್ ತಂತಿಯಲ್ಲಿ ಒಂದು ಬೈಟಿಗೆ 10 ಬಿಟ್ ಹಿಡಿಯುತ್ತದೆ. ಒಟ್ಟು 10,000 ಬಿಟ್. ನಮ್ಮ ಕೊಳವೆಯಲ್ಲಿ ಹರಿಯುವುದು 9,600. ಅಂದರೆ ನೂರರಲ್ಲಿ ನಾಲ್ಕು ಭಾಗ ಹಿಡಿಸುವುದೇ ಇಲ್ಲ, ನಡುನಡುವೆ ಸಂದೇಶ ಕಾಣೆಯಾಗುತ್ತದೆ. ಬಾಡ್ ವೇಗವನ್ನು 115200ಕ್ಕೆ ಏರಿಸಿ.

ಕೊನೆಗೆ ಅಳತೆಯ ಅವಧಿ 100 ಮಿಲಿಸೆಕೆಂಡ್, ಚಲನೆಯ ಮಾದರಿ ಆಟೋಮೋಟಿವ್. ಎಲ್ಲವನ್ನೂ ಚಿಪ್ಪಿನೊಳಗೆ ಸೇವ್ ಮಾಡಿ.

ಪ್ರೋಗ್ರಾಮ್

ಜಿಪಿಎಸ್ ಸಂದೇಶ ಓದಲು ಸ್ಪಾರ್ಕ್‌ಫನ್‌ನವರ ಯು-ಬ್ಲಾಕ್ಸ್ ಲೈಬ್ರರಿ ಇದೆ, ಅದನ್ನೇ ಹಾಕಿಕೊಳ್ಳಿ. ಸೀರಿಯಲ್ ಬಫರನ್ನು ಶುರುವಿನಲ್ಲೇ 1024 ಬೈಟಿಗೆ ಹಿಗ್ಗಿಸಿ. ವೈಫೈ, ಬ್ಲೂಟೂತ್ ಎರಡೂ ಬಂದ್ ಮಾಡಿ. ಪಕ್ಕದಲ್ಲೇ ಇರುವ ಜಿಪಿಎಸ್ ಆಂಟೆನಾಗೆ ಅವು ಗಲಾಟೆ.

ಎಸ್‌ಡಿ ಕಾರ್ಡಿಗೆ ಓಟದ ನಡುವೆ ಬರೆಯಬೇಡಿ. ಕಾರ್ಡುಗಳು ಆಗಾಗ ನೂರಾರು ಮಿಲಿಸೆಕೆಂಡ್ ಸುಮ್ನೆ ನಿಂತುಬಿಡುತ್ತವೆ, ಅಷ್ಟರಲ್ಲಿ ಸೆನ್ಸರಿನ ಹತ್ತಾರು ಅಳತೆ ತಪ್ಪಿಹೋಗುತ್ತದೆ. ನಮ್ಮ ಓಟ 30 ಸೆಕೆಂಡಿಗಿಂತ ಉದ್ದ ಇರುವುದಿಲ್ಲ. ಆಕ್ಸಿಲರೋಮೀಟರ್ ಸೆಕೆಂಡಿಗೆ 200 ಸಲ ಓದಿ, ಒಂದು ಸಾಲಿಗೆ 12 ಬೈಟ್ ಇಟ್ಟರೆ 72,000 ಬೈಟ್ ಆಯಿತು. ಇಎಸ್‌ಪಿ32ರ ಮೆಮೊರಿಗೆ ಇದು ಹಿಡಿಸುತ್ತದೆ. ಎಲ್ಲವನ್ನೂ ಮೊದಲು ಮೆಮೊರಿಯಲ್ಲಿ ತುಂಬಿ, ಓಟ ಮುಗಿದ ಮೇಲೆ ನಿಧಾನವಾಗಿ ಕಾರ್ಡಿಗೆ ಇಳಿಸಿ.

ಇನ್ನು ಕಾಲದ ವಿಷಯ. ಜಿಪಿಎಸ್ ಸಂದೇಶ ಬೋರ್ಡಿಗೆ ಮುಟ್ಟಿದ ಹೊತ್ತನ್ನು ಯಾವತ್ತೂ ಅಳತೆಯ ಹೊತ್ತು ಅಂತ ತಿಳಿಯಬೇಡಿ. ಚಿಪ್ ಲೆಕ್ಕ ಹಾಕಿ, ತಂತಿಯಲ್ಲಿ ಕಳಿಸುವಷ್ಟರಲ್ಲಿ ಹತ್ತಾರು ಮಿಲಿಸೆಕೆಂಡ್ ಕಳೆದಿರುತ್ತದೆ, ಅದೂ ಪ್ರತಿ ಸಲ ಬೇರೆ ಬೇರೆ. ಸಂದೇಶದ ಒಳಗೇ ಬರುವ ಕಾಲವೇ ನಿಜ. ಆದರೆ ಆಕ್ಸಿಲರೋಮೀಟರಿಗೆ ಈ ಕಾಲ ಗೊತ್ತಿಲ್ಲವಲ್ಲ, ಅದಕ್ಕೆ ಗೊತ್ತಿರುವುದು ಬೋರ್ಡಿನ ಗಡಿಯಾರ. ಎರಡು ಗಡಿಯಾರಗಳಿಗೆ ಗಂಟು ಹಾಕುವುದೇ ಪಿಪಿಎಸ್ ಪಿನ್ನಿನ ಕೆಲಸ. ಪ್ರತಿ ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಸರಿಯಾಗಿ ಅದು ಒಂದು ಮಿಡಿತ ಕೊಡುತ್ತದೆ. ಆ ಮಿಡಿತ ಬಂದಾಗ ಬೋರ್ಡಿನ ಮೈಕ್ರೋಸೆಕೆಂಡ್ ಎಣಿಕೆ ಎಷ್ಟಿತ್ತು ಅಂತ ಇಂಟರಪ್ಟ್‌ನಲ್ಲಿ (ಮಿಡಿತ ಬಂದ ಕೂಡಲೇ ಓಡುವ ಪುಟ್ಟ ಪ್ರೋಗ್ರಾಮ್) ಬರೆದಿಟ್ಟುಕೊಳ್ಳಿ. ಆಮೇಲೆ ಬರುವ, ಸಾವಿರದಿಂದ ಶೇಷವಿಲ್ಲದೆ ಭಾಗವಾಗುವ ಮಿಲಿಸೆಕೆಂಡಿನ ಸಂದೇಶ ಅದೇ ಕ್ಷಣದ್ದು. ಜಿಪಿಎಸ್ ಕಾಲ ಲೋಕದ ಗಡಿಯಾರಕ್ಕಿಂತ 18 ಸೆಕೆಂಡ್ ಮುಂದಿದೆ ಅಂತ ಓದಿ ಗಾಬರಿಯಾಗಬೇಡಿ. ಅದು ಪೂರ್ಣ ಸೆಕೆಂಡುಗಳ ವ್ಯತ್ಯಾಸ, ನಮ್ಮ ಲೆಕ್ಕಕ್ಕೆ ತಾಗುವುದಿಲ್ಲ.

ನೂರು ಮುಟ್ಟಿದ ಕ್ಷಣ ಎರಡು ಅಳತೆಗಳ ನಡುವೆ ಬೀಳುತ್ತದೆ. 9.8ನೇ ಸೆಕೆಂಡಿನಲ್ಲಿ 99.4 ಇದೆ, 9.9ರಲ್ಲಿ 100.1 ಇದೆ ಅಂದುಕೊಳ್ಳಿ. ಒಟ್ಟು ಏರಿದ್ದು 0.7, ನಮಗೆ ಬೇಕಾದದ್ದು 0.6. ಅಂದರೆ ಆ ಹತ್ತನೇ ಒಂದು ಸೆಕೆಂಡಿನ ಏಳು ಪಾಲಿನಲ್ಲಿ ಆರು ಪಾಲು ಕಳೆದಾಗ. ಉತ್ತರ 9.886. ನಿಖರತೆ ಇಷ್ಟೊಂದು ಇಲ್ಲ, ಹಾಗಾಗಿ ಪರದೆಯ ಮೇಲೆ 9.89 ಅಂತ ತೋರಿಸಿದರೆ ಸಾಕು.

ಹೊರಟ ಕ್ಷಣ ಯಾವುದು?

ಇಡೀ ಕೆಲಸದಲ್ಲಿ ಕಷ್ಟದ ಜಾಗ ಇದೊಂದೇ. ನೂರರ ಹತ್ತಿರ ತಪ್ಪಿದರೆ 0.03 ಸೆಕೆಂಡ್ ತಪ್ಪುತ್ತದೆ. ಶುರುವಿನಲ್ಲಿ ತಪ್ಪಿದರೆ ಅರ್ಧ ಸೆಕೆಂಡೇ ಹೋಗಬಹುದು. ನಿಂತ ಕಾರಿನಲ್ಲೂ ಜಿಪಿಎಸ್ ವೇಗ ಸುಮ್ನೆ ಸೊನ್ನೆ ಇರುವುದಿಲ್ಲ, 0.1, 0.3 ಅಂತ ಅಲ್ಲಾಡುತ್ತಿರುತ್ತದೆ. ಜೊತೆಗೆ ಚಿಪ್ಪಿನೊಳಗಿನ ಫಿಲ್ಟರ್ ಗಾಡಿ ದಿಢೀರ್ ಹೊರಟಾಗ ಒಂದು ಹೆಜ್ಜೆ ಹಿಂದೆ ಬೀಳುತ್ತದೆ.

ಆಕ್ಸಿಲರೋಮೀಟರ್ ಬರುವುದು ಇಲ್ಲಿಗೆ. ಅದನ್ನು ಪ್ಲಸ್ ಮೈನಸ್ 2ಜಿ ಮಿತಿಯಲ್ಲಿ ಇಡಿ (ಒಂದು ಜಿ ಅಂದರೆ ಭೂಮಿಯ ಗುರುತ್ವದಷ್ಟು), ಆಗ ಒಂದು ಜಿಗೆ 16,384 ಎಣಿಕೆ ಸಿಗುತ್ತದೆ. ಎಂಜಿನ್ ಐಡಲ್ ಇರುವಾಗಿನ ನಡುಕವನ್ನು ಮೊದಲು ತೆಗೆಯಬೇಕು. 800 ಆರ್‌ಪಿಎಂನಲ್ಲಿ ನಾಲ್ಕು ಸಿಲಿಂಡರ್ ಎಂಜಿನ್ ಸೆಕೆಂಡಿಗೆ ಸುಮಾರು 27 ಸಲ, ಮೂರು ಸಿಲಿಂಡರಿನದು 20 ಸಲ ಒದೆಯುತ್ತದೆ. ಎಂಪಿಯು6050ರ ಒಳಗಿನ ಫಿಲ್ಟರನ್ನು 5ನೇ ಸೆಟ್ಟಿಂಗಿಗೆ, ಅಂದರೆ 10 ಹರ್ಟ್ಸ್‌ಗೆ ಇಟ್ಟರೆ ಎರಡೂ ತಗ್ಗುತ್ತವೆ. ಬದಲಿಗೆ 13.8 ಮಿಲಿಸೆಕೆಂಡ್ ತಡವಾಗುತ್ತದೆ. ಅದು ಗೊತ್ತಿರುವ ತಡ, ಕಳೆದರಾಯಿತು.

ಹೊರಡುವ ಮುಂಚೆ ಎರಡು ಸೆಕೆಂಡ್ ಗಾಡಿ ಅಲ್ಲಾಡದೆ ನಿಂತಿರಲಿ. ಆ ಎರಡು ಸೆಕೆಂಡಿನ ಸರಾಸರಿಯನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಮುಂದಿನ ದಿಕ್ಕಿನ ಅಳತೆ 0.1 ಜಿ ದಾಟಿ ಹತ್ತನೇ ಒಂದು ಸೆಕೆಂಡ್ ಹಾಗೇ ನಿಂತರೆ ಗಾಡಿ ಹೊರಟಿದೆ ಅಂತ ಅರ್ಥ. ಆದರೆ ಅದು ಹೊರಟ ಕ್ಷಣವಲ್ಲ. ಅಲ್ಲಿಂದ ಹಿಂದಕ್ಕೆ ಬನ್ನಿ. ಅಳತೆ ಕೊನೆಯ ಸಲ 0.03 ಜಿ ಕೆಳಗಿದ್ದ ಸಾಲು ಹುಡುಕಿ. ಅದರಲ್ಲಿ 13.8 ಮಿಲಿಸೆಕೆಂಡ್ ಕಳೆಯಿರಿ. ಅದೇ ನಿಮ್ಮ ಸೊನ್ನೆ. ಮೆಮೊರಿಯಲ್ಲಿ ಎಲ್ಲ ಇರುವುದರಿಂದ ಹೀಗೆ ಹಿಂದಕ್ಕೆ ನಡೆಯುವುದು ಸುಲಭ.

ಒಂದು ಕಾವಲು ಬೇಕು. ಕ್ಲಚ್ ಅರ್ಧ ಬಿಟ್ಟಾಗ ಗಾಡಿ ಒಮ್ಮೆ ಅದುರಿ ನಿಲ್ಲಬಹುದು. ಆದ್ದರಿಂದ ಹೊರಟಿದೆ ಅಂದ ಒಂದು ಸೆಕೆಂಡಿನೊಳಗೆ ಜಿಪಿಎಸ್ ವೇಗ 5 ಕಿ.ಮೀ. ದಾಟದಿದ್ದರೆ ಆ ಶುರುವನ್ನು ಬಿಟ್ಟು ಮತ್ತೆ ಕಾಯಬೇಕು.

ಅಮೆರಿಕದ ಅಂಕಗಳ ಜೊತೆ ಹೋಲಿಸುವವರಿಗೆ ಒಂದು ಮಾತು. ಅಲ್ಲಿನ ಡ್ರ್ಯಾಗ್ ರೇಸ್ ಪದ್ಧತಿಯಂತೆ ಗಾಡಿ ಮೊದಲ ಒಂದು ಅಡಿ, ಅಂದರೆ 30.48 ಸೆಂ.ಮೀ. ಸಾಗಿದ ಮೇಲೆ ಗಡಿಯಾರ ಶುರುವಾಗುತ್ತದೆ. ಇದಕ್ಕೆ ರೋಲ್‌ಔಟ್ ಅನ್ನುತ್ತಾರೆ. ಹೊರಡುವಾಗ ಪ್ರತಿ ಸೆಕೆಂಡಿಗೆ 4 ಮೀ/ಸೆ ವೇಗ ಕೂಡಿಕೊಳ್ಳುವ ಕಾರಿಗೆ ಆ ಒಂದು ಅಡಿಯೇ ಸುಮಾರು 0.4 ಸೆಕೆಂಡ್ ತಿನ್ನುತ್ತದೆ. ನಾನು ಗಾಡಿ ಅಲುಗಿದ ಕ್ಷಣದಿಂದಲೇ ಎಣಿಸುತ್ತೇನೆ. ನೀವು ಯಾವುದನ್ನೇ ಆರಿಸಿ, ಡೈರಿಯಲ್ಲಿ ಬರೆದಿಡಿ, ಆಮೇಲೆ ಬದಲಾಯಿಸಬೇಡಿ.

ಕಾರಿನಲ್ಲಿ ಕೂರಿಸುವುದು

ಜಿಪಿಎಸ್ ಆಂಟೆನಾ ಡ್ಯಾಶ್‌ಬೋರ್ಡ್ ಮೇಲೆ ಮುಂದಿನ ಗಾಜಿನ ಹತ್ತಿರ ಇರಲಿ, ಚೌಕದ ಸೆರಾಮಿಕ್ ಮುಖ ಆಕಾಶ ನೋಡುತ್ತಿರಲಿ. ಬಿಸಿಲು ತಡೆಯಲು ಲೋಹದ ತೆಳು ಪದರ ಇರುವ ಗಾಜಾದರೆ ಸಂಕೇತ ಸೊರಗಿಹೋಗುತ್ತದೆ, ಆಗ ಮ್ಯಾಗ್ನೆಟ್ ಇರುವ ಹೊರಗಿನ ಆಂಟೆನಾ ಕೊಂಡು ಟಾಪ್ ಮೇಲೆ ಕೂರಿಸಿ. ಆಕ್ಸಿಲರೋಮೀಟರ್ ಮಾತ್ರ ಡ್ಯಾಶ್‌ಬೋರ್ಡ್ ಮೇಲೆ ಬೇಡ, ಪ್ಲಾಸ್ಟಿಕ್ ಕುಣಿಯುತ್ತದೆ. ಹ್ಯಾಂಡ್‌ಬ್ರೇಕ್ ಪಕ್ಕದ ಗಟ್ಟಿ ಜಾಗದಲ್ಲಿ, ಬಾಣದ ಗುರುತು ಮುಂದಕ್ಕೆ ಬರುವ ಹಾಗೆ ಅಂಟಿಸಿ. ಯಾವುದೂ ಏರ್‌ಬ್ಯಾಗ್ ತೆರೆಯುವ ಜಾಗದಲ್ಲಿ ಇರಕೂಡದು.

ಎಲ್ಲಿ ಓಡಿಸಬೇಕು

ಸೊನ್ನೆಯಿಂದ ನೂರು ಪರೀಕ್ಷೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡಬೇಡಿ. ಬೆಳಗಿನ ಜಾವ ಖಾಲಿ ಇರುತ್ತೆ ಅಂತ ಹೇಳಿಕೊಂಡು ಹೋಗಬೇಡಿ. ಖಾಲಿ ರಸ್ತೆಗೇ ನಾಯಿ, ದನ, ವಾಕಿಂಗ್ ಹೊರಟ ಹಿರಿಯರು ಬರುತ್ತಾರೆ. ಹತ್ತು ಸೆಕೆಂಡಿನ ಕಾರು ನೂರು ಮುಟ್ಟಲು 150 ಮೀಟರ್ ಮೇಲೆ ಬೇಕು. ನಿಧಾನವಾಗಿ ನಿಲ್ಲಿಸಲು ಇನ್ನೂ 130 ಮೀಟರ್. ಕಾನೂನೂ ಇದೆ: ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ವಾಹನಗಳ ಓಟದ ಸ್ಪರ್ಧೆ, ವೇಗದ ಪೈಪೋಟಿ ನಡೆಸುವುದನ್ನು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅಪರಾಧ ಅನ್ನುತ್ತದೆ. ಅಪಾಯಕರ ಚಾಲನೆಗೆ 184ನೇ ಸೆಕ್ಷನ್ ಬೇರೆ. ಸೊನ್ನೆಯಿಂದ ನೂರು ಬೇಕೇ ಬೇಕು ಅನ್ನುವವರು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗಳಲ್ಲಿ ನಡೆಯುವ ಟ್ರ್ಯಾಕ್ ಡೇಗಳನ್ನು ವಿಚಾರಿಸಿ. ಹೆಲ್ಮೆಟ್ ಇರಲಿ, ಆಯೋಜಕರಿಗೆ ನಿಮ್ಮ ಉದ್ದೇಶ ಮೊದಲೇ ಹೇಳಿ.

ಆದರೆ ಗಾಡಿಯ ಆರೋಗ್ಯ ನೋಡಲು ಸೊನ್ನೆಯಿಂದ ನೂರು ಬೇಕಾಗೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ ಮೂರನೇ ಗೇರಿನಲ್ಲಿ 40ರಿಂದ 80. ಇದರಲ್ಲಿ ಕ್ಲಚ್ ಬಿಡುವ ಚಾಕಚಕ್ಯತೆ ಇಲ್ಲ, ಗೇರು ಬದಲಿಸುವ ತಡ ಇಲ್ಲ, ಹೊರಟ ಕ್ಷಣದ ತಲೆನೋವಂತೂ ಇಲ್ಲವೇ ಇಲ್ಲ. ಎಂಜಿನ್ ಎಳೆತ ಒಂದೇ ಕಾಣುತ್ತದೆ. ಎಂಟು ಸೆಕೆಂಡ್ ಹಿಡಿದರೂ ಸುಮಾರು 133 ಮೀಟರಿನಲ್ಲಿ ಮುಗಿಯುತ್ತದೆ. ಕಾರ್ಖಾನೆ ಆವರಣದಂಥ ಖಾಸಗಿ ಜಾಗದಲ್ಲಿ ಅನುಮತಿ ಕೇಳಿ ಮಾಡಬಹುದು. ಓಡಿಸುವವರು ಪರದೆ ನೋಡಬಾರದು. ಪಕ್ಕದಲ್ಲಿ ಕೂತವರು ಬಟನ್ ಒತ್ತಲಿ. ಆ ಪಕ್ಕದವರು ಪ್ರತಿ ಸಲವೂ ಅದೇ ವ್ಯಕ್ತಿ ಆಗಿರಲಿ. 1,000 ಕೆ.ಜಿ. ಕಾರಿನಲ್ಲಿ 70 ಕೆ.ಜಿ. ಹೆಚ್ಚಾದರೆ ಏಳು ಪರ್ಸೆಂಟ್ ಹೊರೆ ಹೆಚ್ಚಿದಂತೆ.

ಅಳತೆಯನ್ನು ಕೆಡಿಸುವ ಸಂಗತಿಗಳು

ಇಳಿಜಾರು ಮೊದಲನೆಯ ಕಳ್ಳ. ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಕಣ್ಣಿಗೆ ಕಾಣುವುದೇ ಇಲ್ಲ. ಹತ್ತು ಸೆಕೆಂಡಿನ ಕಾರಿಗೆ ಅದು ಮೂರನೇ ಒಂದು ಸೆಕೆಂಡ್ ಉಡುಗೊರೆ ಕೊಡುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಆ ಕಡೆ ಮೂರು, ಈ ಕಡೆ ಮೂರು ಓಟ, ಆರರ ಸರಾಸರಿ. ಗಾಳಿಯ ಪ್ರಭಾವವೂ ಇದರಲ್ಲೇ ಬಹುಮಟ್ಟಿಗೆ ತೊಳೆದುಹೋಗುತ್ತದೆ.

ಎತ್ತರ ಎರಡನೆಯದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಎಂಟು ಪರ್ಸೆಂಟಿನಷ್ಟು ತೆಳು. ಟರ್ಬೋ ಇಲ್ಲದ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೋ ಇದ್ದರೆ ನಷ್ಟ ಕಡಿಮೆ. ಕರಾವಳಿಯ ಗೆಳೆಯರ ಅದೇ ಮಾಡೆಲ್ ಕಾರು ಜಾಸ್ತಿ ಚುರುಕಾಗಿದ್ದರೆ ಬೇಜಾರಾಗಬೇಡಿ. ಬಿಸಿಲೂ ಹಾಗೇ: 20 ಡಿಗ್ರಿಯ ಬೆಳಗ್ಗೆಗೂ 35 ಡಿಗ್ರಿಯ ಮಧ್ಯಾಹ್ನಕ್ಕೂ ಗಾಳಿಯ ಸಾಂದ್ರತೆಯಲ್ಲಿ ಐದು ಪರ್ಸೆಂಟ್ ವ್ಯತ್ಯಾಸ. ಎಸಿ ಬಂದ್ ಇರಲಿ, ಟೈರಿನ ಗಾಳಿ ಒಂದೇ ಇರಲಿ, ಟ್ಯಾಂಕ್ ಅರ್ಧ ಇರಲಿ. ದಿನಾಂಕ, ಹೊತ್ತು, ತಾಪಮಾನ ಡೈರಿಗೆ ಹೋಗಲಿ.

ಉಪಗ್ರಹ 10ಕ್ಕಿಂತ ಕಡಿಮೆ ಇದ್ದರೆ, ಅಥವಾ ಚಿಪ್ ಹೇಳುವ ವೇಗದ ತಪ್ಪು 0.2 ಮೀ/ಸೆಗಿಂತ ಜಾಸ್ತಿ ಇದ್ದರೆ ಪ್ರೋಗ್ರಾಮ್ ಓಟವನ್ನು ಶುರು ಮಾಡಲೇ ಬಾರದು. ಆನ್ ಮಾಡಿ ಐದು ನಿಮಿಷ ಕಾಯಿರಿ.

ಮೀಟರನ್ನೇ ಪರೀಕ್ಷಿಸುವುದು

ನಾವೇ ಮಾಡಿದ ತಕ್ಕಡಿ, ನಾವೇ ತೂಕದ ಕಲ್ಲು ಇಟ್ಟು ನೋಡಬೇಕು. ಖಾಲಿ ಮೈದಾನದಲ್ಲಿ ಟೇಪ್ ಹಿಡಿದು ಸರಿಯಾಗಿ 20 ಮೀಟರ್ ಅಳೆಯಿರಿ. ಎರಡು ತುದಿಯಲ್ಲೂ ಒಂದೊಂದು ಕಡಿಮೆ ಶಕ್ತಿಯ ಲೇಸರ್, ಎದುರಿಗೆ ಬೆಳಕು ಗುರುತಿಸುವ ಒಂದೊಂದು ಫೋಟೋಟ್ರಾನ್ಸಿಸ್ಟರ್. ಎಲ್‌ಡಿಆರ್ ಎಂಬ ಬೆಳಕಿನ ಸೆನ್ಸರ್ ಬೇಡ, ಅದು ತುಂಬಾ ನಿಧಾನ. ಬಿಸಿಲು ಬೀಳದಂತೆ ಫೋಟೋಟ್ರಾನ್ಸಿಸ್ಟರಿಗೆ ಕಪ್ಪು ಪೈಪಿನ ತುಂಡು ತೊಡಿಸಿ. ಕಿರಣ ಬಂಪರ್ ಎತ್ತರದಲ್ಲಿರಲಿ, ಯಾರ ಕಣ್ಣಿಗೂ ಬೀಳದಿರಲಿ. ಎರಡನೇ ಇಎಸ್‌ಪಿ32 ಒಂದು ಎರಡೂ ಕಿರಣ ಕಡಿದ ಹೊತ್ತು ಬರೆದುಕೊಳ್ಳಲಿ.

30 ಕಿ.ಮೀ. ವೇಗದಲ್ಲಿ ಸಾಗಿದರೆ 2.4 ಸೆಕೆಂಡ್ ಬರಬೇಕು. ಟೇಪಿನಲ್ಲಿ ಒಂದು ಸೆಂ.ಮೀ. ತಪ್ಪಿದರೂ ಎರಡು ಸಾವಿರದಲ್ಲಿ ಒಂದು ಭಾಗ ಅಷ್ಟೇ. ಹತ್ತು ಸಲ ಓಡಿಸಿ, ಗೇಟಿನ ವೇಗ ಮತ್ತು ಜಿಪಿಎಸ್ ವೇಗ ಪಕ್ಕಪಕ್ಕ ಇಡಿ. ನನ್ನದರಲ್ಲಿ ವ್ಯತ್ಯಾಸ 0.2 ಕಿ.ಮೀ. ದಾಟಲಿಲ್ಲ. ಆ ದಿನ ಮನೆಗೆ ಬಂದು ಮಗಳಿಗೆ ಎರಡು ಸಲ ಹೇಳಿದೆ.

ಹಾರ್ಸ್‌ಪವರ್ ಲೆಕ್ಕ

ಅದೇ ಡೇಟಾದಿಂದ ಚಕ್ರಕ್ಕೆ ತಲುಪುವ ಶಕ್ತಿಯೂ ಸಿಗುತ್ತದೆ. ತೂಕ, ವೇಗ ಹೆಚ್ಚುವ ದರ, ವೇಗ, ಈ ಮೂರನ್ನೂ ಗುಣಿಸಿ. ಜನ ಸೇರಿ 1,100 ಕೆ.ಜಿ. ಇರುವ ಕಾರು 80 ಕಿ.ಮೀ.ನಲ್ಲಿ, ಅಂದರೆ 22.2 ಮೀ/ಸೆ ವೇಗದಲ್ಲಿ, ಪ್ರತಿ ಸೆಕೆಂಡಿಗೆ 2 ಮೀ/ಸೆ ಏರುತ್ತಿದೆ ಅನ್ನಿ. ಸುಮಾರು 49 ಕಿಲೋವ್ಯಾಟ್ ಆಯಿತು. ಇದರಲ್ಲಿ ಗಾಳಿ ಮತ್ತು ಟೈರಿನ ತಡೆ ಸೇರಿಲ್ಲ. ಅದನ್ನು ಅಳೆಯಲು ಅದೇ ಜಾಗದಲ್ಲಿ 90ರಿಂದ ನ್ಯೂಟ್ರಲ್‌ನಲ್ಲಿ ಗಾಡಿ ತಾನಾಗೇ ಇಳಿಯಲು ಬಿಡಿ. 80ರ ಹತ್ತಿರ ಸೆಕೆಂಡಿಗೆ 0.3 ಮೀ/ಸೆ ಇಳಿದರೆ ಅದನ್ನೂ ಕೂಡಿಸಿ, ದರ 2.3 ಆಗುತ್ತದೆ. ಈಗ ಶಕ್ತಿ 56 ಕಿಲೋವ್ಯಾಟ್, ಅಂದರೆ 76 ಪಿಎಸ್ (ಮೆಟ್ರಿಕ್ ಹಾರ್ಸ್‌ಪವರ್). ಇದು ಚಕ್ರದ ಶಕ್ತಿ. ಕಂಪನಿ ಹೇಳುವುದು ಎಂಜಿನ್ ಶಕ್ತಿ, ಅದು ಯಾವಾಗಲೂ ಜಾಸ್ತಿ ಇರುತ್ತದೆ.

ನನ್ನ ಗಾಡಿಯ ಕಥೆ ಏನಾಯಿತು

ಮೊದಲ ಬೆಳಗಿನ ಆರು ಓಟದಲ್ಲಿ 40ರಿಂದ 80ಕ್ಕೆ ಸರಾಸರಿ 9.1 ಸೆಕೆಂಡ್ ಬಂತು. ಅದು ಜಾಸ್ತಿಯೋ ಕಡಿಮೆಯೋ ಹೇಳಲು ಹಳೆಯ ಅಂಕ ಇರಲಿಲ್ಲ. ಆದರೆ ವೇಗದ ಗ್ರಾಫಿನಲ್ಲಿ ಒಂದು ವಿಚಿತ್ರ ಇತ್ತು. 60ರ ಹತ್ತಿರ ಗೆರೆ ಸ್ವಲ್ಪ ಹೊತ್ತು ಚಪ್ಪಟೆಯಾಗಿ ಆಮೇಲೆ ಮತ್ತೆ ಏರುತ್ತಿತ್ತು.

ಮುಂದಿನ ವಾರ ಕಾರಿನ ಓಬಿಡಿ ಪೋರ್ಟಿಗೆ (ಎಂಜಿನ್ನಿನ ಮಾಹಿತಿ ಕೊಡುವ ಸಾಕೆಟ್) ಇಎಲ್‌ಎಂ327 ಅಡಾಪ್ಟರ್ ಚುಚ್ಚಿ ಆರ್‌ಪಿಎಂ ಕೂಡ ದಾಖಲು ಮಾಡಿದೆ. ಓಬಿಡಿಯ ವೇಗ ಪೂರ್ಣ ಕಿ.ಮೀ.ಗಳಲ್ಲಿ ಮಾತ್ರ ಬರುವುದರಿಂದ ಅದು ನಮ್ಮ ಅಳತೆಗೆ ಒರಟು. ಆರ್‌ಪಿಎಂ ಮಾತ್ರ ತುಂಬಾ ಉಪಯೋಗ. ಯಾಕೆಂದರೆ ಒಂದೇ ಗೇರಿನಲ್ಲಿ ಇರುವಷ್ಟು ಹೊತ್ತೂ ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿದರೆ ಒಂದೇ ಸಂಖ್ಯೆ ಬರಬೇಕು. ಎಂಜಿನ್ ಮತ್ತು ಚಕ್ರದ ನಡುವೆ ಹಲ್ಲಿಗೆ ಹಲ್ಲು ಕೂತಿರುತ್ತದಲ್ವಾ. ನನ್ನ ಕಾರಿನಲ್ಲಿ 45ರ ಹತ್ತಿರ ಆ ಸಂಖ್ಯೆ 46 ಇತ್ತು. 60 ದಾಟುವಾಗ 49ಕ್ಕೆ ಏರಿ, 75ರ ಹೊತ್ತಿಗೆ ಮತ್ತೆ 46ಕ್ಕೆ ಇಳಿಯುತ್ತಿತ್ತು. ಎಂಜಿನ್ ತಿರುಗುತ್ತಿದೆ, ಚಕ್ರಕ್ಕೆ ಅಷ್ಟು ಮುಟ್ಟುತ್ತಿಲ್ಲ. ಎಂಜಿನ್ನಿನ ಎಳೆತ ಜೋರಾಗಿರುವ ಜಾಗದಲ್ಲೇ ಕ್ಲಚ್ ಜಾರುತ್ತಿತ್ತು.

ಆ ಸಂಖ್ಯೆಯ ಗ್ರಾಫ್ ಪ್ರಿಂಟ್ ಮಾಡಿಸಿ ಅದೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 60ರ ಹತ್ತಿರದ ಉಬ್ಬಿನ ಮೇಲೆ ಬೆರಳಿಟ್ಟು, "ಇಲ್ಲಿ ಜಾರ್ತಿದೆ, ಬಿಚ್ಚೋಣ" ಅಂದರು. ಕ್ಲಚ್ ಪ್ಲೇಟ್ ಸವೆದು ರಿವೆಟ್ ಹತ್ತಿರ ಬಂದಿತ್ತು. ಹೊಸ ಸೆಟ್ ಹಾಕಿ, 500 ಕಿ.ಮೀ. ಓಡಿಸಿದ ಮೇಲೆ ಅದೇ ಜಾಗದಲ್ಲಿ, ಅದೇ ಟೈರ್ ಗಾಳಿಯಲ್ಲಿ, ಪಕ್ಕದಲ್ಲಿ ಅದೇ ಗೆಳೆಯನನ್ನು ಕೂರಿಸಿಕೊಂಡು ಆರು ಓಟ ಓಡಿಸಿದೆ. ಸರಾಸರಿ 8.2 ಸೆಕೆಂಡ್, ಗೆರೆ ಎಲ್ಲೂ ಮಡಚಿಲ್ಲ. ಆ ಮೆಕ್ಯಾನಿಕ್ ಈಗ ಬೇರೆ ಗಿರಾಕಿಗಳ ಗಾಡಿಗೂ ಮೀಟರ್ ತರಲು ಹೇಳಿಕಳಿಸುತ್ತಾರೆ.